ಹೃದಯಾಘಾತದ ಸುದ್ದಿ ಓದುವವರಿಗೆ ಹಾಸನದ ಮೆಡಿಕಲ್ ಅಂಗಡಿಯಿಂದ ಒಂದು ಬಹಿರಂಗ ಪತ್ರ

ಕನ್ನಡ ಸುದ್ದಿ ವಾಹಿನಿಗಳ ಸಂಪಾದಕರಿಗೆ ನಮಸ್ಕಾರ.

2025ರ ಜೂನ್ ಕೊನೆಯಲ್ಲಿ ನಮ್ಮ ಹಾಸನ ಜಿಲ್ಲೆ ನಿಮ್ಮ ಪರದೆ ಬಿಟ್ಟು ಕದಲಲಿಲ್ಲ. ಸುಮಾರು ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು, ಅದರಲ್ಲಿ ಹರೆಯದವರೂ ಇದ್ದಾರೆ ಅಂತ ಸುದ್ದಿ. ಪರದೆಯ ಮೂಲೆಯಲ್ಲಿ ಸಾವಿನ ಲೆಕ್ಕ. ಹಿಂದೆ ಢಣ್ ಅಂತ ಸದ್ದು. ಮೂರು ಕಡೆಯಿಂದ ಕೆಂಪು ಬಾಣ.

ಸುದ್ದಿ ಮಾಡಿದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ನೀವು ಗಲಾಟೆ ಮಾಡದೇ ಇದ್ದರೆ ಸರ್ಕಾರ ಅಷ್ಟು ಬೇಗ ತಜ್ಞರ ಸಮಿತಿ ಮಾಡುತ್ತಿತ್ತೋ ಇಲ್ಲವೋ. ನನ್ನ ತಕರಾರು ಬೇರೆ. ನೀವು ಎಲ್ಲರನ್ನೂ ಹೆದರಿಸಿದಿರಿ. ಹೆದರಿದ ಮೇಲೆ ಏನು ಮಾಡಬೇಕು ಅಂತ ಹೇಳುವಾಗ ಮಾತ್ರ ದುಡ್ಡೂ ಬಿಡುವೂ ಇರುವವರ ಕಡೆ ಮುಖ ಮಾಡಿ ಮಾತಾಡಿದಿರಿ. ಉಳಿದವರಿಗೆ ಬರೀ ಹೆದರಿಕೆ ಉಳಿಯಿತು.

ನಾನು ಹಾಸನದಲ್ಲಿ ಒಂದು ಸಣ್ಣ ಮೆಡಿಕಲ್ ಅಂಗಡಿ ನಡೆಸುವವಳು. ಡಿ.ಫಾರ್ಮಾ ಓದಿದ್ದೇನೆ, ಡಾಕ್ಟರ್ ಅಲ್ಲ. ಅಂಗಡಿ ಎದುರು ಆಟೋ ಸ್ಟ್ಯಾಂಡ್ ಇದೆ, ಪಕ್ಕದಲ್ಲಿ ಟೀ ಅಂಗಡಿ, ಟೀ ಅಂಗಡಿಯಲ್ಲಿ ಸದಾ ಆನ್ ಆಗಿರುವ ಟಿವಿ. ನಿಮ್ಮ ಕಾರ್ಯಕ್ರಮಕ್ಕೆ ಎಷ್ಟು ರೇಟಿಂಗ್ ಬಂತು ಅಂತ ನಿಮಗೆ ಗುರುವಾರ ಗೊತ್ತಾಗುತ್ತದೆ. ನನಗೆ ಮಾರನೇ ದಿನ ಬೆಳಿಗ್ಗೆ ಶಟರ್ ಎತ್ತಿದ ತಕ್ಷಣ ಗೊತ್ತಾಗುತ್ತದೆ.

ಆ ಜುಲೈ ಮೊದಲ ವಾರ ಜನ ಬಂದು ಕೇಳಿದ್ದು ಮೂರು ಮಾತ್ರೆಗಳ ಒಂದು ಪೊಟ್ಟಣ. ಆಸ್ಪಿರಿನ್, ರೋಸುವಾಸ್ಟಾಟಿನ್, ಸಾರ್ಬಿಟ್ರೇಟ್. ಇಷ್ಟನ್ನು ಜೇಬಿನಲ್ಲಿಟ್ಟುಕೊಂಡರೆ ಹಾರ್ಟ್ ಅಟ್ಯಾಕ್ ಆದಾಗ ಜೀವ ಉಳಿಯುತ್ತದೆ ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಿದ್ದ ಸಂದೇಶ. ಸಾರ್ಬಿಟ್ರೇಟ್ ರಕ್ತನಾಳ ಹಿಗ್ಗಿಸುವ ಎದೆ ನೋವಿನ ಮಾತ್ರೆ, ಅದು ಬಿಪಿಯನ್ನೂ ಇಳಿಸುತ್ತದೆ. ಅಟ್ಯಾಕ್ ಆಗಿ ಆಗಲೇ ಬಿಪಿ ಬಿದ್ದಿರುವ ಮನುಷ್ಯ ಅದನ್ನು ನಾಲಿಗೆ ಕೆಳಗಿಟ್ಟರೆ ಇನ್ನೂ ಕುಸಿಯಬಹುದು. ಎದೆ ಉರಿ ಯಾವುದು, ಅಟ್ಯಾಕ್ ಯಾವುದು ಅಂತ ಇಸಿಜಿ ಇಲ್ಲದೆ ಡಾಕ್ಟರಿಗೇ ಹೇಳುವುದು ಕಷ್ಟ. ಚೀಟಿ ಇಲ್ಲದೆ ಕೊಡುವುದಿಲ್ಲ ಅಂದರೆ, “ಅಕ್ಕಾ, ನೀವು ಕೊಡದಿದ್ರೆ ಇನ್ನೊಂದ್ ಕಡೆ ತಗೋತೀವಿ ಬಿಡಿ” ಅಂತ ಹೋದವರಿದ್ದಾರೆ. ಜೋರಾಗಿ ಕೆಮ್ಮುತ್ತಾ ಇದ್ದರೆ ಹೃದಯ ನಿಲ್ಲುವುದಿಲ್ಲ ಅಂತ ಇನ್ನೊಂದು ವಿಡಿಯೋ. ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಜೇನು ಕುದಿಸಿ ಕುಡಿದರೆ ಬ್ಲಾಕ್ ಕರಗುತ್ತದೆ ಅಂತ ಮತ್ತೊಂದು.

ಇದನ್ನೆಲ್ಲ ನೀವು ಹೇಳಿದ್ದಲ್ಲ, ನಿಜ. ಆದರೆ ನೀವು ರಾತ್ರಿ ಹೆದರಿಸಿ ಮಲಗಿಸಿದ್ದಿರಿ. ಬೆಳಿಗ್ಗೆ ಎದ್ದವರಿಗೆ ಕೈಗೆ ಸಿಕ್ಕಿದ್ದು ಈ ಸಂದೇಶಗಳು. ನೀವು ಖಾಲಿ ಬಿಟ್ಟ ಜಾಗವನ್ನು ವಾಟ್ಸಾಪ್ ತುಂಬಿತು.

ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿದ್ದನ್ನು ನೀವೇ ತೋರಿಸಿದಿರಿ. ಗಾಬರಿಯಿಂದ ಇಲ್ಲಿಗೇ ಬರಬೇಡಿ, ನಿಮ್ಮ ಹತ್ತಿರದ ಆಸ್ಪತ್ರೆಯಲ್ಲೇ ತಪಾಸಣೆ ಮಾಡಿಸಿ ಅಂತ ಡಾಕ್ಟರುಗಳು ಕೇಳಿಕೊಳ್ಳಬೇಕಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಹೀಗೇ ಆಗಿತ್ತು. ಆಗಲೂ ಆಸ್ಪತ್ರೆಗಳ ಮುಂದೆ ಸಾಲು, ಜಿಮ್‌ಗೆ ಹೋಗುವವರಿಗೆ ಭಯ. ಆದರೆ ಆ ಸಾಲಿನಲ್ಲಿ ಯಾರಿಗೆ ನಿಲ್ಲಲಾಗುತ್ತದೆ, ಯೋಚಿಸಿದ್ದೀರಾ? ಹಾಸನದಿಂದ ಮೈಸೂರಿಗೆ ನೂರು ಕಿಲೋಮೀಟರ್ ಮೇಲೆ ಆಗುತ್ತದೆ. ಹೋಗಿ ಬರಲು ಒಂದು ದಿನ ಬೇಕು. ಅಂದರೆ ಒಂದು ದಿನದ ದುಡಿಮೆ ಹೋಯಿತು. ಸಾಲದಲ್ಲಿ ಆಟೋ ಓಡಿಸುವವನಿಗೆ ಕಂತಿನ ದಿನಾಂಕ ಇಸಿಜಿಗಿಂತ ಮುಂಚೆ ನೆನಪಾಗುತ್ತದೆ. ನಮ್ಮ ಸ್ಟ್ಯಾಂಡಿನಲ್ಲಿ ಯಾರಿಗೆ ತಪಾಸಣೆ ಬೇಕೇ ಬೇಕು ಅಂತ ನನಗೆ ಅನಿಸಿತ್ತೋ ಅವರು ಯಾರೂ ಹೋಗಲಿಲ್ಲ. ಹೋದವರೆಲ್ಲ ವರ್ಷಕ್ಕೊಮ್ಮೆ ಹೇಗೂ ಪೂರ್ತಿ ಬಾಡಿ ಚೆಕಪ್ ಮಾಡಿಸುವವರು.

ಜುಲೈನಲ್ಲಿ ಸಮಿತಿಯ ವರದಿ ಬಂತು. ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಸಮಿತಿಯ ಮುಖ್ಯಸ್ಥರು. ನೀವು ಎಣಿಸಿದ ಸಾವುಗಳಲ್ಲಿ ಅವರು 24ನ್ನು ಪರಿಶೀಲಿಸಿದರು. ಅದರಲ್ಲಿ 4 ಹೃದಯಕ್ಕೆ ಸಂಬಂಧಪಟ್ಟವೇ ಅಲ್ಲ. ಹಾಸನದಲ್ಲಿ ಹೃದಯಾಘಾತ ಅಸಹಜವಾಗಿ ಏರಿದೆ ಅನ್ನಲು ಆಧಾರ ಸಿಗಲಿಲ್ಲ ಅಂದರು. ಕೋವಿಡ್ ಲಸಿಕೆಗೂ ಇದಕ್ಕೂ ಸಂಬಂಧ ಕಂಡುಬಂದಿಲ್ಲ ಅಂದರು. ಹಾಗಂತ ಎಲ್ಲ ಸರಿ ಇದೆ ಅಂತ ಅವರು ಹೇಳಲಿಲ್ಲ. ಚಿಕ್ಕ ವಯಸ್ಸಿನಲ್ಲಿ ಹೃದಯ ಕೈಕೊಡುವುದು ಇಡೀ ರಾಜ್ಯದ ಸಮಸ್ಯೆ, ಅದಕ್ಕೆ ಸಿಗರೇಟು, ತಂಬಾಕು, ಬಿಪಿ, ಶುಗರ್, ಕೂತೇ ಇರುವ ಬದುಕು ಕಾರಣ ಅಂದರು. ಬೆಂಗಳೂರಿನ ಜಯದೇವದಲ್ಲಿ ಪರಿಶೀಲಿಸಿದ 251 ರೋಗಿಗಳಲ್ಲಿ 111 ಜನ ಧೂಮಪಾನಿಗಳು, 102 ಜನರಿಗೆ ಬಿಪಿ, 87 ಜನರಿಗೆ ಶುಗರ್.

ಈ ವರದಿಗೆ ನಿಮ್ಮಲ್ಲಿ ಸಿಕ್ಕ ಜಾಗ ಎಷ್ಟು? ನಾನು ನೋಡಿದಷ್ಟು ಮಟ್ಟಿಗೆ ಒಂದು ದಿನದ ಸುದ್ದಿ. ಸಾವಿನ ಲೆಕ್ಕದ ಪಟ್ಟಿ ವಾರಗಟ್ಟಲೆ ಪರದೆ ಮೇಲಿತ್ತು. “ಆ ಲೆಕ್ಕದಲ್ಲಿ ನಾಲ್ಕು ಬೇರೆ ಕಾರಣದ ಸಾವು” ಅಂತ ಅದೇ ಮೂಲೆಯಲ್ಲಿ, ಅದೇ ಸದ್ದಿನ ಜೊತೆ ಯಾರೂ ಹಾಕಲಿಲ್ಲ. ಅದಕ್ಕೂ ಮುಂಚೆ ಮುಖ್ಯಮಂತ್ರಿಗಳು ಲಸಿಕೆಗೆ ಅವಸರದಲ್ಲಿ ಅನುಮತಿ ಕೊಟ್ಟಿದ್ದೂ ಕಾರಣ ಇರಬಹುದು ಅಂತ ಬರೆದರು, ಕೇಂದ್ರ ಆರೋಗ್ಯ ಇಲಾಖೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ ಮುಂದಿಟ್ಟು ಅದನ್ನು ತಳ್ಳಿಹಾಕಿತು. ಆಗ ನಿಮಗೆ ಹಬ್ಬ. ನಾಲ್ಕು ಜನ ಪಕ್ಷದ ವಕ್ತಾರರು, ನಾಲ್ಕು ಚೌಕ, ಒಬ್ಬರ ಮಾತೂ ಕೇಳದಷ್ಟು ಗಲಾಟೆ. ಜನರ ಬಿಪಿ ಬಗ್ಗೆ ಚರ್ಚೆ ಆಗಬೇಕಿದ್ದ ಹೊತ್ತಲ್ಲಿ ನೋಡುವವರ ಬಿಪಿ ಏರಿಸಿದಿರಿ.

ವರದಿಯ ಹೊತ್ತಿಗೆ ಹೊರಬಂದ ಇನ್ನೊಂದು ಮಾತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಸತ್ತವರಲ್ಲಿ ಆಟೋ, ಟ್ಯಾಕ್ಸಿ ಚಾಲಕರು ಎದ್ದು ಕಾಣುವಷ್ಟು ಇದ್ದರು. ನಿಮ್ಮ ಸ್ಟುಡಿಯೋದಲ್ಲಿ ಇದನ್ನು ಹಿಡಿದು ಯಾರೂ ಮುಂದೆ ಹೋಗಲಿಲ್ಲ. ಸತ್ತವರ ವಯಸ್ಸು ಸುದ್ದಿಯಾಯಿತು, ಅವರ ಕೆಲಸ ಆಗಲಿಲ್ಲ. “ಯುವಕರೇ ಯಾಕೆ ಸಾಯ್ತಿದ್ದಾರೆ?” ಅಂತ ಕೇಳಿದಿರಿ. “ಡ್ರೈವರುಗಳೇ ಯಾಕೆ?” ಅಂತ ಕೇಳಲಿಲ್ಲ.

ನನ್ನ ಅಂಗಡಿ ಎದುರು ನಿಂತು ನೋಡಿದರೆ ಉತ್ತರದ ಅರ್ಧ ಭಾಗ ಕಾಣುತ್ತದೆ. ಬೆಳಗಿನ ರೈಲಿಗೆ ಐದಕ್ಕೇ ಸ್ಟ್ಯಾಂಡ್. ರಾತ್ರಿ ಕೊನೇ ಬಸ್ಸು ಬರುವವರೆಗೂ ಸ್ಟ್ಯಾಂಡ್. ನಡುವೆ ದಿನವೆಲ್ಲ ಸೀಟಿನಲ್ಲಿ ಬೆನ್ನು ಬಗ್ಗಿಸಿ ಕೂರುವುದು. ಹತ್ತಿರ ಶೌಚಾಲಯ ಇಲ್ಲ, ಇದ್ದರೂ ದುಡ್ಡು ಕೊಡಬೇಕು. ಅದಕ್ಕೆ ನೀರು ಕುಡಿಯುವುದೇ ಕಡಿಮೆ. ಬೆಳಿಗ್ಗೆ ಎರಡು ಇಡ್ಲಿ, ಒಂದು ವಡೆ, ಮಧ್ಯಾಹ್ನ ಸಿಕ್ಕಿದ ಹೊತ್ತಿಗೆ ಹೋಟೆಲಿನ ಚಿತ್ರಾನ್ನವೋ ರೈಸ್‌ಬಾತೋ, ಹಸಿವು ಮುಚ್ಚಲು ನಡುನಡುವೆ ಟೀ, ಬನ್ನು, ಬೀಡಿ ಅಥವಾ ಸಿಗರೇಟು. ನಿದ್ದೆ ತಡೆಯಲು ಬಾಯಲ್ಲಿ ಏನಾದರೂ ಅಗಿಯುತ್ತಿರಬೇಕು. ಈಚೆಗೆ ಇಪ್ಪತ್ತು ರೂಪಾಯಿಯ ಎನರ್ಜಿ ಡ್ರಿಂಕ್ ಬಾಟಲಿ ಬೇರೆ ಸೇರಿಕೊಂಡಿದೆ.

ಇಂಥವರಿಗೆ ನಿಮ್ಮ ಬೆಳಗಿನ ಆರೋಗ್ಯ ಕಾರ್ಯಕ್ರಮ ಹೇಳುವುದು ಏನು? ಬೆಳಿಗ್ಗೆ ಮುಕ್ಕಾಲು ಗಂಟೆ ವಾಕಿಂಗ್ ಮಾಡಿ. ನೆನೆಸಿದ ಬಾದಾಮಿ ತಿನ್ನಿ. ಓಟ್ಸ್ ತಿನ್ನಿ, ಆಲಿವ್ ಎಣ್ಣೆ ಬಳಸಿ. ಎಂಟು ಗಂಟೆ ನಿದ್ದೆ ಮಾಡಿ. ಸ್ಟ್ರೆಸ್ ತಗೋಬೇಡಿ. ಮಾತು ಒಂದೂ ಸುಳ್ಳಲ್ಲ. ಆದರೆ ಇದನ್ನು ಕೇಳಿದ ಒಬ್ಬ ಚಾಲಕರು ಟೀ ಅಂಗಡಿಯಲ್ಲಿ ನಕ್ಕು ಹೇಳಿದ್ದು: “ಸ್ಟ್ರೆಸ್ ತಗೋಬೇಡಿ ಅಂತ ಫೈನಾನ್ಸ್‌ನೋರಿಗೂ ಒಂಚೂರು ಹೇಳಿ ಸರ್.” ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಅವರ ಬದುಕಿಗೆ ಹೊಂದುವ ಮಾತುಗಳು ಇಲ್ಲವೇ? ಬೇಕಾದಷ್ಟಿವೆ, ಮತ್ತು ಬಹುಪಾಲು ಅಗ್ಗದವು. ಬಿಪಿ ನೋಡಿಸಿಕೊಳ್ಳುವುದು. ಬಿಪಿ ಇದ್ದರೆ ದಿನಾ ಮಾತ್ರೆ ನುಂಗುವುದು. ಉಪ್ಪು ಇಳಿಸುವುದು. ತಂಬಾಕು ಬಿಡುವುದು. ಎದೆಯಲ್ಲಿ ಹಿಂಡಿದ ಹಾಗಾದರೆ ಎಲ್ಲಿಗೆ ಓಡಬೇಕು ಅಂತ ಮುಂಚೆಯೇ ತಿಳಿದಿರುವುದು. ಇವುಗಳಲ್ಲಿ ಯಾವುದೂ ಥಳಕಿನ ಕಾರ್ಯಕ್ರಮ ಆಗುವುದಿಲ್ಲ, ಗೊತ್ತು. ಆದರೆ ಜೀವ ಉಳಿಸುವುದು ಇವೇ.

ಬಿಪಿ ಮಾತ್ರೆ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಹದಿನೈದು ವರ್ಷ ದಾಟಿದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಬಿಪಿ ಜಾಸ್ತಿ ಇದೆ ಅಥವಾ ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಬಿಪಿ ನೋವು ಕೊಡುವುದಿಲ್ಲ. ಅದೇ ಅದರ ಮೋಸ. ನನ್ನಲ್ಲಿಗೆ ಬರುವವರಲ್ಲಿ ಎರಡು ಥರ ಇದ್ದಾರೆ. ಒಬ್ಬರು ತಿಂಗಳಿಗೆ ಆಗುವಷ್ಟು ಒಟ್ಟಿಗೆ ತೆಗೆದುಕೊಂಡು, ಕಾರ್ಡಿನಲ್ಲಿ ದುಡ್ಡು ಕೊಟ್ಟು, ಶೇಕಡಾ ಹತ್ತು ರಿಯಾಯಿತಿ ಕೇಳಿ ಹೋಗುತ್ತಾರೆ. ಇನ್ನೊಬ್ಬರು ಹಳೇ ಪಟ್ಟಿಯ ತುಂಡು ತೋರಿಸಿ, “ನಾಲ್ಕು ಕೊಡಕ್ಕಾ ಸಾಕು” ಅನ್ನುತ್ತಾರೆ. ನಾಲ್ಕು ದಿನ ಆದ ಮೇಲೆ ಬರುವುದಿಲ್ಲ. ತಲೆ ಸುತ್ತಿದಾಗ ಬರುತ್ತಾರೆ. ಬಿಡಿಯಾಗಿ ಕೊಳ್ಳುವವರಿಗೆ ರಿಯಾಯಿತಿ ಇಲ್ಲ, ಗಮನಿಸಿ. ಕಡಿಮೆ ದುಡ್ಡು ಇರುವವರೇ ಮಾತ್ರೆಗೆ ಜಾಸ್ತಿ ಕೊಡುತ್ತಾರೆ. ಇದು ನನ್ನ ಕಣ್ಣೆದುರೇ ನಡೆಯುತ್ತದೆ. ನನ್ನ ಅಂಗಡಿಯೂ ಅದೇ ಲೆಕ್ಕದಲ್ಲಿ ನಡೆಯುತ್ತದೆ.

ಬಿಪಿಗೆ ಕೊಡುವ ಆಮ್ಲೋಡಿಪಿನ್ ಅನ್ನುವ ಮಾತ್ರೆ ಜನೌಷಧಿ ಕೇಂದ್ರದಲ್ಲಿ ಹತ್ತಕ್ಕೆ ಹತ್ತು ರೂಪಾಯಿ ಒಳಗೇ ಸಿಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಹೀಗೆ ಬರೆದು ನನ್ನ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ, ಪರವಾಗಿಲ್ಲ. ನನ್ನಂಥ ಅಂಗಡಿಯವಳೇ ಹೇಳಬಹುದಾದರೆ ಇಡೀ ರಾಜ್ಯಕ್ಕೆ ಕೇಳಿಸುವ ಗಂಟಲು ಇರುವ ನೀವು ಯಾಕೆ ಹೇಳುವುದಿಲ್ಲ?

ಯಾಕೆ ಅನ್ನುವುದಕ್ಕೆ ನನ್ನಲ್ಲಿ ಒಂದು ಊಹೆ ಇದೆ. ನಿಮ್ಮ ಆರೋಗ್ಯ ಕಾರ್ಯಕ್ರಮಗಳಲ್ಲಿ ಕೂರುವ ಎಷ್ಟೋ ಡಾಕ್ಟರುಗಳು ದೊಡ್ಡ ಖಾಸಗಿ ಆಸ್ಪತ್ರೆಗಳವರು. ಹಿಂದೆ ಆಸ್ಪತ್ರೆಯ ಹೆಸರಿನ ಬೋರ್ಡು, ಕೆಳಗೆ ಫೋನ್ ನಂಬರ್ ಓಡುತ್ತಿರುತ್ತದೆ. ಆ ಅರ್ಧ ಗಂಟೆಗೆ ಆಸ್ಪತ್ರೆ ದುಡ್ಡು ಕೊಟ್ಟಿದೆಯೋ ಇಲ್ಲವೋ ನೋಡುವವರಿಗೆ ತಿಳಿಯುವುದಿಲ್ಲ. ಕೊಟ್ಟಿದ್ದರೆ ಪರದೆ ಮೇಲೆ ದೊಡ್ಡದಾಗಿ, ಕನ್ನಡದಲ್ಲಿ, ಕಾರ್ಯಕ್ರಮ ಮುಗಿಯುವವರೆಗೂ “ಇದು ಜಾಹೀರಾತು” ಅಂತ ಹಾಕಿ. ಅಜ್ಜಿಯರು ಅದನ್ನು ಸುದ್ದಿ ಅಂತಲೇ ನಂಬುತ್ತಾರೆ. ಅಂಥ ಕಾರ್ಯಕ್ರಮದಲ್ಲಿ ಆಂಜಿಯೋಗ್ರಾಂ ಪ್ಯಾಕೇಜ್ ಬಗ್ಗೆ ಮಾತು ಬರುತ್ತದೆ. ಹತ್ತು ರೂಪಾಯಿ ಮಾತ್ರೆ ಬಗ್ಗೆ ಯಾರು ದುಡ್ಡು ಕೊಟ್ಟು ಮಾತಾಡಿಸುತ್ತಾರೆ?

ಇನ್ನು ನಡುವೆ ಬರುವ ಜಾಹೀರಾತುಗಳು. ಹೃದಯ ತಜ್ಞರು ತಂಬಾಕು ಬಿಡಿ ಅಂದು ಮಾತು ನಿಲ್ಲಿಸಿದರು, ವಿರಾಮ. ವಿರಾಮದಲ್ಲಿ ದೊಡ್ಡ ಸಿನಿಮಾ ನಟರು ಏಲಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಡಬ್ಬದ ಬಣ್ಣ, ಅಕ್ಷರ, ಹೆಸರು ಎಲ್ಲ ಪಾನ್ ಮಸಾಲೆಯದ್ದೇ. ಆ ಏಲಕ್ಕಿ ನಮ್ಮ ಬೀದಿಯ ಗೂಡಂಗಡಿಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಪಾನ್ ಮಸಾಲೆ ಮಾತ್ರ ಮಾಲೆ ಮಾಲೆಯಾಗಿ ನೇತಾಡುತ್ತಿರುತ್ತದೆ. ಕರ್ನಾಟಕದಲ್ಲಿ ಗುಟ್ಕಾ 2013ರಿಂದ ನಿಷೇಧ. ಹಾಗಾಗಿ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಎರಡನ್ನೂ ಒಟ್ಟಿಗೆ ಹರಿದು ಅಂಗೈಯಲ್ಲಿ ಬೆರೆಸಿದರೆ ಅದೇ ಗುಟ್ಕಾ. ಇದು ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. 2003ರ ತಂಬಾಕು ಕಾಯ್ದೆ ಜಾಹೀರಾತನ್ನು ನಿಷೇಧಿಸಿದೆ. 1994ರ ಕೇಬಲ್ ಟಿವಿ ನಿಯಮಗಳು ತಂಬಾಕಿಗೆ ನೇರವಾಗಿಯೂ ಪರೋಕ್ಷವಾಗಿಯೂ ಪ್ರಚಾರ ಕೊಡಬಾರದು ಅನ್ನುತ್ತವೆ. ಅದೇ ಹೆಸರಿನ ಬೇರೆ ಸಾಮಾನು ಅನ್ನುವ ಸಂದಿಯಲ್ಲಿ ಎಲ್ಲ ನುಸುಳುತ್ತದೆ. ಕಾನೂನು ಪ್ರಕಾರ ನೀವು ಸರಿ ಇರಬಹುದು. ಆದರೂ ಆ ಐದು ನಿಮಿಷದಲ್ಲಾದರೂ, ಹೃದಯದ ಬಗ್ಗೆ ಮಾತಾಡುವಾಗಲಾದರೂ, ಏಲಕ್ಕಿ ಬೇಡ ಅನ್ನಲು ಆಗಲ್ವಾ?

ಎನರ್ಜಿ ಡ್ರಿಂಕ್ ಕಥೆಯೂ ಹೀಗೇ. ಅದರಲ್ಲಿ ಒಂದು ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನ್ ಇರಲು ಆಹಾರ ಸುರಕ್ಷತಾ ಪ್ರಾಧಿಕಾರ ಬಿಟ್ಟಿದೆ. ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಬೇಡ, ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಬೇಡ ಅನ್ನುವ ಎಚ್ಚರಿಕೆ ಬಾಟಲಿ ಮೇಲೆ ಇರಲೇಬೇಕು. ಇರುತ್ತದೆ, ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರದಲ್ಲಿ. ಪೊಟ್ಟಣದ ವಿವರ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇದ್ದರೆ ಸಾಕು, ಬೇರೆ ಭಾಷೆ ಬೇಕಿದ್ದರೆ ಸೇರಿಸಬಹುದು ಅಂತ ನಿಯಮ. ಜಾಹೀರಾತು ಮಾತ್ರ ಅಚ್ಚ ಕನ್ನಡದಲ್ಲಿ, ನಿಮ್ಮ ವಾಹಿನಿಯಲ್ಲಿ, ಕುಣಿದು ಕುಪ್ಪಳಿಸಿ. ಕುಡಿ ಅನ್ನುವುದನ್ನು ನಮ್ಮ ಭಾಷೆಯಲ್ಲಿ ಹೇಳುತ್ತಾರೆ, ಹುಷಾರು ಅನ್ನುವುದನ್ನು ಓದಲಾಗದ ಭಾಷೆಯಲ್ಲಿ. ಇಂಗ್ಲಿಷ್ ಓದಿದವರ ಮಕ್ಕಳು ಹಿಂದೆ ತಿರುಗಿಸಿ ನೋಡಿ ಇಡುತ್ತಾರೆ. ಹೈಸ್ಕೂಲ್ ಬಿಟ್ಟು ಗ್ಯಾರೇಜಿಗೆ ಸೇರಿದ ಹುಡುಗ ದಿನಕ್ಕೆ ಮೂರು ಬಾಟಲಿ ಎತ್ತುತ್ತಾನೆ. ಎಚ್ಚರಿಕೆ ಕನ್ನಡದಲ್ಲೂ ಇರಲಿ ಅಂತ ನೀವು ಒಂದು ವಾರ ಹಟ ಹಿಡಿದರೆ ಅದು ಆಗುತ್ತದೆ. ಬ್ಯಾಂಕಿನ ಮ್ಯಾನೇಜರ್ ಕನ್ನಡ ಮಾತಾಡಲಿಲ್ಲ ಅಂದಾಗ ನೀವು ಹಿಡಿಯುವ ಹಟದಲ್ಲಿ ಕಾಲು ಭಾಗ ಸಾಕು.

ಊಟದ ವಿಷಯಕ್ಕೆ ಜಾಸ್ತಿ ಹೋಗುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಭಾರತೀಯರ ಆಹಾರಕ್ಕೆ ಹೊಸ ಮಾರ್ಗಸೂಚಿ ತಂದಿತು. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು ಅಂದಿತು. ನಾವು ತಿನ್ನುವುದು ಸರಾಸರಿ 8 ಗ್ರಾಂ ಆಸುಪಾಸು. ಹಾಸನದ ಮನೆಗಳಲ್ಲಿ ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು, ಕಾಲಕ್ಕೆ ಅವರೆಕಾಯಿ ಇವೆಯಲ್ಲ, ಅದರಲ್ಲಿ ಉಪ್ಪು, ಎಣ್ಣೆ ಸ್ವಲ್ಪ ಹಿಡಿದರೆ ಹೃದಯಕ್ಕೆ ಅದಕ್ಕಿಂತ ಒಳ್ಳೆಯ ಊಟ ಹುಡುಕಬೇಕಿಲ್ಲ. ನೀವು ತೋರಿಸುವ ರಾಗಿ ಮಾತ್ರ ಬೇರೆ. ಅದು ಚಂದದ ಡಬ್ಬದಲ್ಲಿ ‘ಮಿಲೆಟ್ ಮಿಕ್ಸ್’ ಆಗಿ ಬರುತ್ತದೆ. ನಮ್ಮ ಕಡೆ ರೇಷನ್ ಅಂಗಡಿಯಲ್ಲೇ ರಾಗಿ ಬರುತ್ತದೆ. ತೊಂದರೆ ರಾಗಿ ಸಿಗದಿರುವುದಲ್ಲ. ಇಬ್ಬರೂ ದುಡಿಯಲು ಹೋದರೆ ಅದನ್ನು ಒಣಗಿಸಿ, ಗಿರಣಿಗೆ ಒಯ್ದು, ಮುದ್ದೆ ತಿರುವಲು ಮನೆಯಲ್ಲಿ ಯಾರೂ ಇರುವುದಿಲ್ಲ. ಬೀದಿಯಲ್ಲಿ ಹತ್ತು ರೂಪಾಯಿಗೆ ಸಿಗುವುದು ಬೋಂಡ.

ಹೆಂಗಸರ ಮಾತು ನಿಮ್ಮ ಹೃದಯದ ಕಾರ್ಯಕ್ರಮಗಳಲ್ಲಿ ಬರುವುದೇ ಇಲ್ಲ. ಬಂದರೂ ಗಂಡನಿಗೆ ಏನು ಅಡುಗೆ ಮಾಡಿ ಹಾಕಬೇಕು ಅಂತ ಹೇಳುವುದಕ್ಕೆ. 2024ರಲ್ಲಿ ಪ್ರಕಟವಾದ ಒಂದು ಜಾಗತಿಕ ಅಧ್ಯಯನ ಭಾರತದಲ್ಲಿ ದೊಡ್ಡವರಲ್ಲಿ ಅರ್ಧದಷ್ಟು ಜನ ಸಾಕಷ್ಟು ಮೈ ದಣಿಸುವುದಿಲ್ಲ, ಹೆಂಗಸರಲ್ಲಿ ಶೇ. 57, ಗಂಡಸರಲ್ಲಿ ಶೇ. 42 ಅಂದಿತು. ಇದನ್ನು ಓದಿ ಹೆಂಗಸರು ಸೋಮಾರಿಗಳು ಅನ್ನುವಂತೆ ಜೋಕು ಮಾಡಿದವರಿದ್ದಾರೆ. ನಮ್ಮ ಊರಿನ ಕೈಗಾರಿಕಾ ಪ್ರದೇಶದ ಬಟ್ಟೆ ಕಾರ್ಖಾನೆಗಳಿಗೆ ಹೋಗುವ ಹೆಣ್ಣುಮಕ್ಕಳನ್ನು ಒಮ್ಮೆ ಕೇಳಿ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅಡುಗೆ, ಆಮೇಲೆ ಕಾರ್ಖಾನೆ ಬಸ್ಸು, ದಿನವಿಡೀ ಮಿಷನ್ ಮುಂದೆ ಕೂತು ಹೊಲಿಗೆ, ಸಂಜೆ ಮತ್ತೆ ಅಡುಗೆ. ಮೈ ನುಗ್ಗಾಗಿರುತ್ತದೆ, ವ್ಯಾಯಾಮ ಆಗಿರುವುದಿಲ್ಲ. ಕತ್ತಲಾದ ಮೇಲೆ ಒಬ್ಬಳೇ ವಾಕಿಂಗ್ ಹೋಗಲು ದೀಪ ಇರುವ ರಸ್ತೆ ಬೇಕು. ಮಹಾರಾಜ ಪಾರ್ಕ್ ಹತ್ತಿರ ಮನೆ ಇರುವವರ ಪುಣ್ಯ ಎಲ್ಲರಿಗೂ ಇರುವುದಿಲ್ಲ. ಹೆಂಗಸರಿಗೆ ಹೃದಯಾಘಾತ ಆದಾಗ ಸಿನಿಮಾದಲ್ಲಿ ತೋರಿಸುವ ಹಾಗೆ ಎದೆ ಹಿಡಿದುಕೊಂಡು ಬೀಳದೇ ಇರಬಹುದು. ಸುಸ್ತು, ಓಕರಿಕೆ, ದವಡೆ ನೋವು, ಬೆನ್ನು ನೋವು ಅಷ್ಟೇ ಇರಬಹುದು. ನನ್ನಲ್ಲಿ ಗ್ಯಾಸ್ ಮಾತ್ರೆ ಕೇಳಲು ಬರುವವರಲ್ಲಿ ಅಂಥವರು ಇರುತ್ತಾರೋ ಅನ್ನುವ ಹೆದರಿಕೆ ನನಗೆ ದಿನಾ ಇದೆ.

ಇದನ್ನು ಯೂಟ್ಯೂಬ್‌ನಲ್ಲಿ ನೋಡಿ ತಿಳಿದುಕೊಳ್ಳಬಹುದಲ್ಲ ಅನ್ನಬೇಡಿ. ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ ದೇಶದ ಹೆಂಗಸರಲ್ಲಿ ಮೂರರಲ್ಲಿ ಒಬ್ಬರು ಮಾತ್ರ ಇಂಟರ್ನೆಟ್ ಬಳಸಿದ್ದೇನೆ ಅಂದಿದ್ದರು. ಗಂಡಸರಲ್ಲಿ ಅರ್ಧಕ್ಕಿಂತ ಜಾಸ್ತಿ. ಈಗ ಏರಿರಬಹುದು, ಆದರೂ ಮನೆಯ ಒಂದೇ ಸ್ಮಾರ್ಟ್‌ಫೋನ್ ಮೊದಲು ಗಂಡನದ್ದು, ಆಮೇಲೆ ಮಗನದ್ದು. ಆಕೆಗೆ ಸಿಗುವುದು ಟಿವಿ. ಅದಕ್ಕೇ ಈ ಪತ್ರ ಯೂಟ್ಯೂಬರುಗಳಿಗೆ ಬರೆಯದೆ ನಿಮಗೆ ಬರೆದಿದ್ದೇನೆ. ಇನ್ನು ಫೋನ್ ಇರುವ ಹುಡುಗರು ಸರಿ ಇದ್ದಾರೆ ಅಂತಲೂ ಅಲ್ಲ. ಬಾಡಿಗೆ ಇಲ್ಲದ ಹೊತ್ತಲ್ಲಿ ರೀಲ್ಸ್, ಮನೆಗೆ ಹೋಗಿ ಮಲಗಿದ ಮೇಲೂ ರಾತ್ರಿ ಒಂದರವರೆಗೆ ರೀಲ್ಸ್. ದಿನದಲ್ಲಿ ಅವರದ್ದು ಅಂತ ಇರುವ ಹೊತ್ತು ಅದೊಂದೇ, ಬೈಯಲು ಮನಸ್ಸು ಬರುವುದಿಲ್ಲ. ನಿದ್ದೆ ಮಾತ್ರ ಹೋಗುತ್ತದೆ.

ಸರ್ಕಾರ ಏನೂ ಮಾಡಿಲ್ಲ ಅಂತ ಬರೆದರೆ ನಿಮಗೆ ಇಷ್ಟವಾಗಬಹುದು, ಆದರೆ ಅದು ನಿಜ ಅಲ್ಲ. ಪುನೀತ್ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ಇದೆ. ಯೋಜನೆ ಇರುವ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗೆ ಎದೆ ನೋವು ಅಂತ ಹೋದರೆ ಇಸಿಜಿ ತೆಗೆಯುತ್ತಾರೆ, ಅದು ದೊಡ್ಡ ಕೇಂದ್ರದ ತಜ್ಞರಿಗೆ ಹೋಗುತ್ತದೆ, ಅಟ್ಯಾಕ್ ಅಂತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲೇ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಅಲ್ಲಿ ಉಚಿತ. ನಂತರ ಆಂಬುಲೆನ್ಸಿನಲ್ಲಿ ಮುಂದಕ್ಕೆ ಕಳಿಸುತ್ತಾರೆ. ಹಾಸನದ ಗಲಾಟೆಯ ನಂತರ ಇದನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗೂ ತರುತ್ತೇವೆ ಅಂತ ಸರ್ಕಾರ ಹೇಳಿತು. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಗೃಹ ಆರೋಗ್ಯ ಶುರುವಾಯಿತು, ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುವ ಯೋಜನೆ. ನಮ್ಮ ಸ್ಟ್ಯಾಂಡಿನಲ್ಲಿ ಹೃದಯ ಜ್ಯೋತಿ ಅಂದರೆ ಏನು ಅಂತ ಕೇಳಿದೆ. ಒಬ್ಬರು ಅದು ದೇವಸ್ಥಾನದ ಟ್ರಸ್ಟಾ ಅಂದರು. ಹಾಸನದ ಸಾವುಗಳ ಬಗ್ಗೆ ಅಷ್ಟು ದಿನ ಟಿವಿ ನೋಡಿದ ಮೇಲೂ ಹಾಗಂದರು. ಇಲಾಖೆಯವರೂ ಬೋರ್ಡು ಹಾಕಿ ಕೈ ತೊಳೆದುಕೊಂಡಿದ್ದಾರೆ, ಅವರಿಗೆ ಬೇರೆ ಪತ್ರ ಬರೆಯುತ್ತೇನೆ.

ನಿಮ್ಮಿಂದ ಆಗುವುದನ್ನಷ್ಟೇ ಕೇಳುತ್ತೇನೆ. ಹೃದಯಾಘಾತದ ಸಾವಿನ ಸುದ್ದಿ ಹಾಕಿದಾಗಲೆಲ್ಲ ಕೆಳಗೆ ಓಡುವ ಪಟ್ಟಿಯಲ್ಲಿ ಆ ಜಿಲ್ಲೆಯಲ್ಲಿ ಇಸಿಜಿ, ಚುಚ್ಚುಮದ್ದು ಎರಡೂ ಸಿಗುವ ಆಸ್ಪತ್ರೆಗಳ ಹೆಸರು ಹಾಕಿ, 108 ಹಾಕಿ. ಹಾಕುವ ಮುಂಚೆ ಆ ಆಸ್ಪತ್ರೆಗೆ ರಾತ್ರಿ ಹೊತ್ತು ನಿಮ್ಮ ವರದಿಗಾರರನ್ನು ಕಳಿಸಿ. ಇಸಿಜಿ ಮಿಷನ್ ಕೆಟ್ಟಿದ್ದರೆ, ಚುಚ್ಚುಮದ್ದು ಇಲ್ಲದಿದ್ದರೆ, ಡಾಕ್ಟರ್ ಇಲ್ಲದಿದ್ದರೆ ಅದನ್ನು ತೋರಿಸಿ. ಆಗ ನಿಮ್ಮ ಢಣ್ ಸದ್ದಿಗೆ ಒಂದು ಅರ್ಥ ಇರುತ್ತದೆ. ಸಾವಿನ ಲೆಕ್ಕ ತಪ್ಪಿತ್ತು ಅಂತ ಗೊತ್ತಾದರೆ ಅದೇ ಹೊತ್ತಿನಲ್ಲಿ, ಅಷ್ಟೇ ದೊಡ್ಡದಾಗಿ ತಿದ್ದಿ. ಚರ್ಚೆಗೆ ನಾಲ್ಕು ಜನರನ್ನು ಕೂರಿಸುವಾಗ ಅದರಲ್ಲಿ ಒಬ್ಬರು ಆಶಾ ಕಾರ್ಯಕರ್ತೆ ಇರಲಿ. 2025ರ ಜನವರಿಯ ಚಳಿಯಲ್ಲಿ ಗೌರವಧನಕ್ಕಾಗಿ ಬೆಂಗಳೂರಿನಲ್ಲಿ ಧರಣಿ ಕೂತವರು ಅವರೇ. ಯಾವ ಬೀದಿಯಲ್ಲಿ ಯಾರು ಮಾತ್ರೆ ಬಿಟ್ಟಿದ್ದಾರೆ ಅಂತ ಜಿಲ್ಲಾಧಿಕಾರಿಗಿಂತ ಚೆನ್ನಾಗಿ ಅವರಿಗೆ ಗೊತ್ತು. ಇನ್ನೊಬ್ಬರು ಆಟೋ ಚಾಲಕರಾಗಿರಲಿ. ಅವರು ಬರುವುದಾದರೆ ಆ ದಿನದ ಬಾಡಿಗೆ ನೀವು ಕೊಡಬೇಕಾಗುತ್ತದೆ, ಮರೆಯಬೇಡಿ.

ಮತ್ತೆ ಹೊತ್ತಿನ ವಿಷಯ. ಬೆಳಿಗ್ಗೆ ಏಳೂವರೆಗೆ ನೀವು ಹಾಕುವ ಆರೋಗ್ಯ ಕಾರ್ಯಕ್ರಮ ನೋಡುವವರು ವಾಕಿಂಗ್ ಮುಗಿಸಿ ಬಂದು ಸೋಫಾದಲ್ಲಿ ಕೂತವರು. ಅವರಿಗೆ ಆಗಲೇ ಎಲ್ಲ ಗೊತ್ತಿದೆ. ನಮ್ಮವರು ಟಿವಿ ಮುಂದೆ ಇರುವುದು ರಾತ್ರಿ ಒಂಬತ್ತೂವರೆ ಮೇಲೆ, ಬೆಂಗಳೂರು ಕಡೆಯ ಬಸ್ಸು ಬರುವವರೆಗೆ, ಟೀ ಅಂಗಡಿಯಲ್ಲಿ. ಆಗ ನಿಮ್ಮಲ್ಲಿ ಕ್ರೈಮ್ ಕಾರ್ಯಕ್ರಮ ಇರುತ್ತದೆ. ಅದಕ್ಕಿಂತ ಮುಂಚೆ ಎರಡು ನಿಮಿಷ ಸಾಕು. ಬಿಪಿ ಮಾತ್ರೆ ಪುಕ್ಕಟೆ ಎಲ್ಲಿ, ಎದೆ ನೋವು ಬಂದರೆ ರಾತ್ರಿ ಬಾಗಿಲು ತೆರೆದಿರುವ ಆಸ್ಪತ್ರೆ ಯಾವುದು, ಇಷ್ಟು ಹೇಳಿ. ಒಪ್ಪಿದರೆ ಯಾವ ವಾರದಿಂದ ಶುರು ಮಾಡುತ್ತೀರಿ ಅಂತ ನಿಮ್ಮ ಪರದೆಯಲ್ಲೇ ತಿಳಿಸಿ. ಟೀ ಅಂಗಡಿಯವರಿಗೆ ಚಾನೆಲ್ ಬದಲಾಯಿಸಲು ನಾನು ಹೇಳುತ್ತೇನೆ.

ಇಂತಿ,
ಹಾಸನದ ಒಬ್ಬ ಮೆಡಿಕಲ್ ಅಂಗಡಿಯವಳು